ಗಡುವು ಮುಗಿದ ವಿಂಡೋಸ್, ಹೊಣೆ ಹೊರದ ಕಚೇರಿಗಳು



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಕಚೇರಿಗೋ ಸಹಕಾರ ಸಂಘಕ್ಕೋ ಹೊಸ ಕಂಪ್ಯೂಟರ್ ಬಂದರೆ ಪೂಜೆಯಾಗುತ್ತದೆ, ಫೋಟೊ ತೆಗೆಯುತ್ತಾರೆ. ನಾಲ್ಕು ವರ್ಷ ಕಳೆದ ಮೇಲೆ ಅದೇ ಕಂಪ್ಯೂಟರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಅಪ್‌ಡೇಟ್‌ಗಳನ್ನು ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ಈ ಗಡುವು ದಿಢೀರನೆ ಬಂದದ್ದಲ್ಲ, ವರ್ಷಗಳ ಮೊದಲೇ ಹೇಳಿದ್ದು. ಆದರೂ ನಮ್ಮ ಭಾಗದ ಸೇವಾ ಕೇಂದ್ರ, ದಾಲ್ ಮಿಲ್, ಸಂಘಗಳಲ್ಲಿ ವಿಂಡೋಸ್ 10 ಹಾಗೇ ಓಡುತ್ತಿದೆ. ಅಲ್ಲಲ್ಲಿ ವಿಂಡೋಸ್ 7 ಕೂಡ ಇದೆ. ಅದರ ಬೆಂಬಲ ನಿಂತು ಹೋದದ್ದು 2020ರ ಜನವರಿಯಲ್ಲಿ.

‘ನಮ್ಮಂಥ ಸಣ್ಣ ಊರಿನ ಕಂಪ್ಯೂಟರಿಗೆ ಕನ್ನ ಹಾಕಿ ಯಾರಿಗೇನು ಸಿಗುತ್ತದೆ’ ಎನ್ನುವವರಿದ್ದಾರೆ. 2017ರ ಮೇ 12ರಂದು ಹರಡಿದ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಊರು ನೋಡಿ ಬಂದಿರಲಿಲ್ಲ. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳಿಗೆ ಅದು ಬೀಗ ಹಾಕಿತು. ಆಂಧ್ರದ ಪೊಲೀಸ್ ಇಲಾಖೆಯ ಕಂಪ್ಯೂಟರ್‌ಗಳೂ ಅದರಲ್ಲಿ ಸೇರಿದ್ದವು. ನನಗೆ ನೋವಾಗುವುದು ಏನೆಂದರೆ, ಅದು ಬಳಸಿಕೊಂಡ ವಿಂಡೋಸ್ ದೋಷವನ್ನು ಸರಿಪಡಿಸುವ ಅಪ್‌ಡೇಟ್ ಅದಕ್ಕೂ ಎರಡು ತಿಂಗಳ ಹಿಂದೆ, ಮಾರ್ಚ್ 14ರಂದೇ ಸಿದ್ಧವಿತ್ತು. ಹಾಕಿಕೊಂಡವರು ಉಳಿದರು. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕ್‌ಗಳಿಗೆ ತಾಂತ್ರಿಕ ಸೇವೆ ಕೊಡುವ ಸಿ-ಎಡ್ಜ್ ಸಂಸ್ಥೆಯ ವ್ಯವಸ್ಥೆಗೆ ಇಂಥದೇ ದಾಳಿಯಾದಾಗ ರಾಷ್ಟ್ರೀಯ ಪಾವತಿ ನಿಗಮ ಅದರ ಸಂಪರ್ಕವನ್ನೇ ಕಡಿಯಬೇಕಾಯಿತು. ಸುಮಾರು 300 ಸಣ್ಣ ಬ್ಯಾಂಕ್‌ಗಳ ಗ್ರಾಹಕರಿಗೆ ಎಟಿಎಂ, ಯುಪಿಐ ಸಿಗಲಿಲ್ಲ. ಅಂಥ ಬ್ಯಾಂಕ್‌ಗಳಲ್ಲಿ ಖಾತೆ ಇರುವವರು ಹೆಚ್ಚಾಗಿ ನಮ್ಮಂಥ ಊರುಗಳವರೇ.

ನಮ್ಮಲ್ಲಿ ಜಾಲ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಗೋಡೆಗೆ ಒಂದು ಸ್ವಿಚ್, ಅದಕ್ಕೆ ಐದಾರು ಕಂಪ್ಯೂಟರ್. ಎಲ್ಲಕ್ಕೂ ಒಂದೇ ಅಡ್ಮಿನ್ ಪಾಸ್‌ವರ್ಡ್, ಅದೂ ಮಾನಿಟರ್ ಅಂಚಿಗೆ ಅಂಟಿಸಿದ ಚೀಟಿಯ ಮೇಲೆ. ರೈತರ ಆಧಾರ್, ಪಹಣಿ, ಪಾಸ್‌ಬುಕ್ ಸ್ಕ್ಯಾನ್ ಮಾಡಿಟ್ಟ ಫೋಲ್ಡರ್ ಜಾಲದಲ್ಲಿರುವ ಎಲ್ಲರಿಗೂ ತೆರೆದಿರುತ್ತದೆ. ಕಂಪ್ಯೂಟರ್ ಕೆಟ್ಟರೆ ಬರುವ ಹುಡುಗ ಅಂಗಡಿಯಿಂದ ಅಂಗಡಿಗೆ ಒಯ್ಯುವ ಅದೇ ಪೆನ್‌ಡ್ರೈವ್‌ನಿಂದ ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕುತ್ತಾನೆ. ಆ ಕ್ರ್ಯಾಕ್ ಕೆಲಸ ಮಾಡಬೇಕೆಂದರೆ ಸಾಮಾನ್ಯವಾಗಿ ಆ್ಯಂಟಿವೈರಸ್ ಬಂದ್ ಮಾಡಬೇಕು. ಹಾಗೆ ಬಂದ್ ಮಾಡಿದ್ದನ್ನು ಮತ್ತೆ ಯಾರೂ ಚಾಲೂ ಮಾಡುವುದಿಲ್ಲ. ಬೆಂಗಳೂರಿನ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಎಷ್ಟೇ ಕಾವಲಿದ್ದರೂ ಲಾಗಿನ್ ಪಾಸ್‌ವರ್ಡ್ ಒತ್ತುವುದು ಇಂಥ ಕೀಲಿಮಣೆಯ ಮೇಲೆ.

ಸಿಬ್ಬಂದಿಯನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ಅವರ ಹೆದರಿಕೆಗೆ ಕಾರಣವಿದೆ. ವಿಂಡೋಸ್ ಬದಲಿಸಿದರೆ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ನಡೆಯದೇ ಹೋಗಬಹುದು, ಬೆರಳಚ್ಚು ಯಂತ್ರಕ್ಕೆ ಡ್ರೈವರ್ ಸಿಗದೇ ಹೋಗಬಹುದು, ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತ ಓದಲು ಬಾರದಂತಾಗಬಹುದು. ತೊಗರಿ ಖರೀದಿಯ ನೋಂದಣಿ ನಡೆದಿರುವಾಗ, ಫ್ರೂಟ್ಸ್ ಐಡಿ (ರೈತ ನೋಂದಣಿ ಸಂಖ್ಯೆ) ಹಿಡಿದು ರೈತರು ಸಾಲಾಗಿ ನಿಂತಿರುವಾಗ, ಅಪ್‌ಡೇಟ್ ಶುರುವಾಗಿ ನಡುವೆ ಕರೆಂಟ್ ಹೋದರೆ ಬೈಸಿಕೊಳ್ಳುವವರೂ ಅವರೇ. ಅಪ್‌ಡೇಟ್‌ನಿಂದಲೇ ಅನಾಹುತ ಆದದ್ದೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟ್ 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ಮಲಗಿಸಿತು. ಹಾಗಾಗಿ ಎಲ್ಲ ಕಂಪ್ಯೂಟರ್‌ಗಳನ್ನು ಒಂದೇ ದಿನ ಬದಲಿಸಿ ಎಂದು ನಾನು ಹೇಳುವುದಿಲ್ಲ. ಮೊದಲು ಬ್ಯಾಕಪ್ ತೆಗೆದು ಅದನ್ನು ಜಾಲದಿಂದ ಬೇರೆ ಇಡಬೇಕು. ಒಂದು ಕಂಪ್ಯೂಟರಿಗೆ ಹೊಸದು ಹಾಕಿ ಪ್ರಿಂಟರ್, ಬೆರಳಚ್ಚು, ನುಡಿ ಎಲ್ಲ ಪರೀಕ್ಷಿಸಿ ವಾರ ಬಿಟ್ಟು ಉಳಿದವಕ್ಕೆ ಹಾಕಬೇಕು. ಇಂಟರ್ನೆಟ್ ನಿಧಾನ ಎಂಬ ತಕರಾರಿಗೂ ದಾರಿಯಿದೆ: ಒಂದು ಕಂಪ್ಯೂಟರ್ ಇಳಿಸಿಕೊಂಡ ಅಪ್‌ಡೇಟನ್ನು ಅದೇ ಜಾಲದ ಉಳಿದವು ಹಂಚಿಕೊಳ್ಳುವ ಸೌಲಭ್ಯ ವಿಂಡೋಸ್‌ನಲ್ಲೇ ಇದೆ, ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿದರಾಯಿತು.

ದುಡ್ಡಿನ ಮಾತು ದೊಡ್ಡದು. ಟಿಪಿಎಂ 2.0 ಚಿಪ್ ಇಲ್ಲದ, ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರ್‌ನ ಕಂಪ್ಯೂಟರ್‌ಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಹಳೆಯದರಲ್ಲೇ ಮುಂದುವರಿಯುತ್ತೇವೆ ಎನ್ನುವ ಸಂಸ್ಥೆಗಳಿಗೆ ಮೈಕ್ರೊಸಾಫ್ಟ್ ಇಟ್ಟ ದರ ಮೊದಲ ವರ್ಷಕ್ಕೆ ಕಂಪ್ಯೂಟರಿಗೆ 61 ಡಾಲರ್, ಆಮೇಲೆ ವರ್ಷ ವರ್ಷ ಇಮ್ಮಡಿ, ಅದೂ ಮೂರೇ ವರ್ಷ. ಹಳ್ಳಿಯ ಸಂಘಕ್ಕೆ ಇದು ಹೊರೆ. ಬ್ರೌಸರ್ ಮತ್ತು ಟೈಪಿಂಗ್‌ಗಷ್ಟೇ ಬಳಸುವ ಹಳೇ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಸಾಕು. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಅದನ್ನೇ ಬಳಸುತ್ತಿವೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲೇ.

ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಒಪ್ಪಿತು. ಒಳ್ಳೆಯ ಕೆಲಸ. ಐದು ವರ್ಷದ ಆ ಯೋಜನೆ ಮುಗಿದ ಮರುದಿನ ಈ ಕಂಪ್ಯೂಟರ್‌ಗಳು ಯಾರ ಪಾಲು? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ 5,000 ಕೋಟಿ ಎಂದು ಘೋಷಣೆಯಾಗುತ್ತದೆ. ಅದರಲ್ಲಿ ತಾಲ್ಲೂಕಿಗೊಬ್ಬ ಕಾಯಂ ಜಾಲ ನಿರ್ವಾಹಕರನ್ನು, ಪ್ರಯಾಣ ಭತ್ಯೆ ಸಮೇತ, ಇಡಲು ಎಷ್ಟು ಬೇಕಾದೀತು? ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿನ ಕಂಪ್ಯೂಟರ್ ವಿದ್ಯಾರ್ಥಿಗಳು ಈ ಮೂರು ತಾಲ್ಲೂಕುಗಳಲ್ಲಿ ಯಾವ ಕಂಪ್ಯೂಟರ್ ಎಲ್ಲಿದೆ, ಯಾವ ವಿಂಡೋಸ್, ಕೊನೆಯ ಅಪ್‌ಡೇಟ್ ಯಾವಾಗ ಎಂಬ ಪಟ್ಟಿಯನ್ನು ಒಂದು ಬೇಸಿಗೆ ರಜೆಯಲ್ಲಿ ಮಾಡಿಕೊಡಬಲ್ಲರು.

ಮುಂದಿನ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲಿ ರಸ್ತೆ, ಕುಡಿಯುವ ನೀರಿನ ಜತೆಗೆ ಈ ಪಟ್ಟಿಯನ್ನೂ ನಮ್ಮ ಮೂವರು ಶಾಸಕರು ಕೇಳಬೇಕು. ಪಟ್ಟಿ ಇಲ್ಲ ಎಂದು ಅಧಿಕಾರಿಗಳು ಹೇಳಿದರೆ, ಯಾವ ತಾರೀಕಿಗೆ ಕೊಡುತ್ತೀರಿ ಎಂದು ನಡವಳಿಯಲ್ಲಿ ಬರೆಸಬೇಕು.

– ಓದುಗ, ಆಳಂದ