ಲೇನ್ ಶಿಸ್ತು ಬೇಕು ಸರಿ, ಕವಿತಾಳದ ಟ್ರ್ಯಾಕ್ಟರ್‌ಗೆ ಲೇನ್ ಎಲ್ಲಿದೆ?

2022ರ ಆಗಸ್ಟ್ 25, ಬೆಳಗಿನ ಜಾವ. ತುಮಕೂರು ಜಿಲ್ಲೆಯ ಶಿರಾ ಬಳಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕ್ರೂಸರ್ ಒಂದು ಲಾರಿಗೆ ಡಿಕ್ಕಿ ಹೊಡೆಯಿತು. ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಎಲ್ಲರೂ ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ದುಡಿಯೋಕೆ ಹೊರಟಿದ್ದ ಕೂಲಿಗಳು, ಅವರ ಮಕ್ಕಳು. ಒಂಬತ್ತು ಜನ ಸತ್ತರು. ಲಾರಿಯನ್ನು ಓವರ್‌ಟೇಕ್ ಮಾಡಲು ಹೋಗಿ ಹೀಗಾಯಿತು ಅಂತ ಆಗ ವರದಿಯಾಯಿತು. ಸಂತಾಪ ಬಂತು, ಪರಿಹಾರ ಘೋಷಣೆಯಾಯಿತು, ಸುದ್ದಿ ಮುಗಿಯಿತು.

2024ರ ಸೆಪ್ಟೆಂಬರ್ 5, ಶಿಕ್ಷಕರ ದಿನ. ಮಾನ್ವಿ ತಾಲೂಕಿನ ಕಪಗಲ್ ಬಳಿ ಶಾಲಾ ಬಸ್ಸು ಮತ್ತು ಸರ್ಕಾರಿ ಬಸ್ಸು ಡಿಕ್ಕಿಯಾಗಿ ಇಬ್ಬರು ಮಕ್ಕಳು ಜೀವ ಕಳೆದುಕೊಂಡರು. ಮತ್ತೆ ಸಂತಾಪ, ಮತ್ತೆ ಪರಿಹಾರ.

ಎರಡೂ ಅಪಘಾತಗಳ ಕಾರಣ ಒಂದೇ ಅಂತ ನಾನು ಹೇಳ್ತಿಲ್ಲ. ಆದರೆ ಇಂಥ ಪ್ರತಿ ಸಾವಿನ ನಂತರ ನಮ್ಮ ಚರ್ಚೆ ಬಂದು ನಿಲ್ಲೋದು ಒಂದೇ ಜಾಗಕ್ಕೆ: "ನಮ್ಮ ಜನಕ್ಕೆ ಲೇನ್ ಡಿಸಿಪ್ಲಿನ್ ಇಲ್ಲ." ಈ ಮಾತು ಸುಳ್ಳಲ್ಲ, ಅರ್ಧ ಸತ್ಯ. ಉಳಿದರ್ಧ ಏನು ಅಂತ ನೋಡೋಕೆ ಕವಿತಾಳದ ರಸ್ತೆಗೆ ಬರಬೇಕು.

ಕಾನೂನು ಏನು ಹೇಳುತ್ತೆ?

ಮೊದಲು ನಿಯಮ ತಿಳ್ಕೊಳ್ಳೋಣ. ಲೈಸೆನ್ಸ್ ಇದ್ದವರಲ್ಲೂ ಎಷ್ಟೋ ಜನ ಇದನ್ನು ಓದಿರಲ್ಲ. 1989ರ ರಸ್ತೆ ನಿಯಮಗಳ ಜಾಗಕ್ಕೆ 2017ರಲ್ಲಿ ಮೋಟಾರು ವಾಹನ ಚಾಲನಾ ನಿಯಮಾವಳಿ ಬಂತು. ಅದರ ಸಾರ ಸರಳ. ಎಡಕ್ಕೆ ಇರಿ, ಓವರ್‌ಟೇಕ್ ಬಲದಿಂದ ಮಾಡಿ. ಮುಂದಿನವನು ಬಲಕ್ಕೆ ತಿರುಗುವ ಸೂಚನೆ ಕೊಟ್ಟು ರಸ್ತೆ ಮಧ್ಯಕ್ಕೆ ಸರಿದಿದ್ದರೆ ಎಡದಿಂದ ಹೋಗಬಹುದು. ತಿರುವು, ದಿಬ್ಬ, ಕಿರು ಸೇತುವೆ, ಕೂಡುರಸ್ತೆ, ಮುಂದೆ ಕಾಣದ ಜಾಗ, ಇಲ್ಲೆಲ್ಲ ಓವರ್‌ಟೇಕ್ ಮಾಡೋ ಹಾಗಿಲ್ಲ. ಹಿಂದಿನವನು ನಿಮ್ಮನ್ನು ದಾಟಲು ಶುರು ಮಾಡಿದ ಮೇಲೆ ನೀವು ವೇಗ ಹೆಚ್ಚಿಸೋದೂ ತಪ್ಪು. ಮಧ್ಯದಲ್ಲಿ ತುಂಡು ತುಂಡು ಬಿಳಿ ಗೆರೆ ಇದ್ದರೆ, ಎದುರು ಖಾಲಿ ಇರುವಾಗ ದಾಟಬಹುದು. ಗೆರೆ ತುಂಡಾಗದೆ ಉದ್ದಕ್ಕೂ ಇದ್ದರೆ ದಾಟಬಾರದು.

ಶಿಕ್ಷೆಯೂ ಸಣ್ಣದಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಕಾನೂನು ಮೀರಿ ಓವರ್‌ಟೇಕ್ ಮಾಡೋದು, ಎದುರು ದಿಕ್ಕಿನಲ್ಲಿ ಓಡಿಸೋದು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರುತ್ತವೆ. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ.

ಇಷ್ಟೆಲ್ಲ ಇದ್ದೂ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇದು ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ಅದೇ ವರದಿ ಪ್ರಕಾರ ಶೇ 71ರಷ್ಟು ಸಾವುಗಳಿಗೆ ಕಾರಣ ಅತಿವೇಗ, ಶೇ 5ರಷ್ಟಕ್ಕೆ ತಪ್ಪು ಬದಿಯ ಚಾಲನೆ. ಆದರೆ ಎರಡು ಲೇನ್ ರಸ್ತೆಯ ಮುಖಾಮುಖಿ ಡಿಕ್ಕಿಯಲ್ಲಿ ಇವೆರಡನ್ನು ಬೇರೆ ಮಾಡೋದು ಹೇಗೆ? ಓವರ್‌ಟೇಕ್ ಮಾಡುವವನು ವೇಗ ಹೆಚ್ಚಿಸಲೇಬೇಕು, ಎದುರಿನವನ ಬದಿಗೆ ಹೋಗಲೇಬೇಕು. ಎಫ್‌ಐಆರ್‌ನಲ್ಲಿ ಮಾತ್ರ "ಅತಿವೇಗ ಮತ್ತು ಅಜಾಗರೂಕತೆ" ಅಂತ ಒಂದು ಸಾಲು ಬರೆದರೆ ಮುಗೀತು. ರಸ್ತೆ ಹೇಗಿತ್ತು ಅನ್ನೋದು ಆ ಸಾಲಿನಲ್ಲಿ ಇರಲ್ಲ.

ಮುನ್ನೂರು ಮೀಟರ್ ಸಾಲ

ಕವಿತಾಳ ಇರೋದು ರಾಯಚೂರು–ಲಿಂಗಸುಗೂರು ದಾರಿಯಲ್ಲಿ. ರಾಯಚೂರು ಬಿಟ್ಟರೆ ಕಲ್ಲೂರು, ಸಿರವಾರ, ಆಮೇಲೆ ಕವಿತಾಳ. ಈ ಭಾಗದ ರಸ್ತೆಗಳಲ್ಲಿ ಬೆಳಿಗ್ಗೆ ಒಂದು ತಾಸು ನಿಂತು ನೋಡಿ. ಎತ್ತಿನ ಬಂಡಿ ನಡಿಗೆಯ ವೇಗದಲ್ಲಿ. ಹತ್ತಿ ಅಥವಾ ಭತ್ತ ಹೇರಿದ ಟ್ರ್ಯಾಕ್ಟರ್ 20ರಲ್ಲಿ. ಮೂವರು ಕೂತ ಟಿವಿಎಸ್ ಎಕ್ಸೆಲ್ 40ರಲ್ಲಿ. ಕೂಲಿ ಹೆಣ್ಣುಮಕ್ಕಳನ್ನು ತುಂಬಿದ ಟಂಟಂ, ಕೆಕೆಆರ್‌ಟಿಸಿ ಬಸ್ಸು, ಲಾರಿ, ಮತ್ತೆ 100ರಲ್ಲಿ ಬರೋ ಕಾರು. ಜೊತೆಗೆ ಕುರಿ ಹಿಂಡು. ಇವರೆಲ್ಲರಿಗೂ ಸೇರಿ ಆ ಕಡೆಗೊಂದು, ಈ ಕಡೆಗೊಂದು ಲೇನ್.

ಆರು ಲೇನ್ ರಸ್ತೆಯಲ್ಲಿ ಓವರ್‌ಟೇಕ್ ಅಂದರೆ ನಿಮ್ಮದೇ ದಿಕ್ಕಿನ ಪಕ್ಕದ ಲೇನ್‌ಗೆ ಹೋಗೋದು. ಎರಡು ಲೇನ್ ರಸ್ತೆಯಲ್ಲಿ ಓವರ್‌ಟೇಕ್ ಅಂದರೆ ಎದುರಿನವನ ಲೇನ್ ಅನ್ನು ಸಾಲ ತಗೊಳ್ಳೋದು. ಸಾಲದ ಲೆಕ್ಕ ಹಾಕಿ ನೋಡಿ. ಲಾರಿ 50ರಲ್ಲಿದೆ, ನಿಮ್ಮ ಬೈಕ್ 70ರಲ್ಲಿದೆ. ಲಾರಿಯ ಉದ್ದ, ಹಿಂದೆ ಮುಂದೆ ಸ್ವಲ್ಪ ಅಂತರ ಎಲ್ಲ ಸೇರಿ 40 ಮೀಟರ್ ಮುಂದೆ ಹೋಗಬೇಕು ಅಂದರೆ ಏಳು ಸೆಕೆಂಡ್ ಬೇಕು. ಅಷ್ಟರಲ್ಲಿ ನೀವು ಸುಮಾರು 140 ಮೀಟರ್ ಓಡಿರ್ತೀರಿ. ಎದುರಿಂದ 80ರಲ್ಲಿ ಬರುವ ಕಾರು 160 ಮೀಟರ್ ಹತ್ತಿರ ಬಂದಿರುತ್ತೆ. ಅಂದರೆ ಒಟ್ಟು 300 ಮೀಟರ್, ಅದೂ ಒಂದು ಕ್ಷಣದ ತಪ್ಪೂ ಆಗದಿದ್ದರೆ. 80 ಕಿ.ಮೀ. ವೇಗಕ್ಕೆ ವಿನ್ಯಾಸ ಮಾಡುವ ರಸ್ತೆಯಲ್ಲಿ ಓವರ್‌ಟೇಕ್‌ಗೆ 470 ಮೀಟರ್ ದೂರ ಕಾಣಬೇಕು ಅನ್ನೋದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡ. ರಾತ್ರಿ ಬೈಕ್‌ನ ಹೆಡ್‌ಲೈಟಿಗೆ ಅಷ್ಟು ದೂರ ಕಾಣಲ್ಲ.

ಇದರ ಜೊತೆಗೆ ಲಾರಿಗಳ ಇಂಡಿಕೇಟರ್ ಭಾಷೆ ಬೇರೆ. ಕಾನೂನಿನಲ್ಲಿ ಬಲ ಇಂಡಿಕೇಟರ್ ಅಂದರೆ "ನಾನು ಬಲಕ್ಕೆ ಹೋಗ್ತಿದೀನಿ". ಹೆದ್ದಾರಿ ರೂಢಿಯಲ್ಲಿ ಎಷ್ಟೋ ಸಲ ಅದೇ ದೀಪಕ್ಕೆ "ಎದುರು ಖಾಲಿ ಇದೆ, ಸೈಡ್ ಹೊಡಿ" ಅಂತ ಅರ್ಥ. ಒಂದೇ ದೀಪಕ್ಕೆ ಎರಡು ಅರ್ಥ ಇದ್ದರೆ ಬೈಕ್ ಸವಾರ ಯಾವುದನ್ನು ನಂಬಬೇಕು? 2022ರಲ್ಲಿ ಸತ್ತವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದವರು ಅನ್ನೋದನ್ನು ಇಲ್ಲಿ ನೆನಪಿಡಿ.

ಹಾಗಂತ ಚಾಲಕರದ್ದು ಏನೂ ತಪ್ಪಿಲ್ಲ ಅಂತಲ್ಲ. ದಿಬ್ಬದ ಮೇಲೆ ಓವರ್‌ಟೇಕ್ ಮಾಡುವವನು ಎದುರಿನವನ ಜೀವ ಪಣಕ್ಕಿಡ್ತಾನೆ, ಅದಕ್ಕೆ ಶಿಕ್ಷೆ ಆಗಲೇಬೇಕು. ಆದರೆ 20ರಲ್ಲಿ ಹೋಗೋ ಟ್ರ್ಯಾಕ್ಟರ್ ಹಿಂದೆ ಹತ್ತು ಕಿಲೋಮೀಟರ್ ತಾಳ್ಮೆಯಿಂದ ಹೋಗು ಅನ್ನೋದು ನೀತಿಯಲ್ಲ, ಉಪದೇಶ. ನೀತಿ ಅಂದರೆ ಆ ಟ್ರ್ಯಾಕ್ಟರ್‌ಗೆ ಎಡಕ್ಕೆ ಸರಿಯೋಕೆ ಗಟ್ಟಿಯಾದ ರಸ್ತೆ ಅಂಚು ಕೊಡೋದು.

ಮೈಸೂರು ರಸ್ತೆಯಲ್ಲಿ ಆದದ್ದು

ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿ ಉದಾಹರಣೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ರಸ್ತೆಯಲ್ಲಿ ಸಾವಿನ ಸಂಖ್ಯೆ ಏರಿದಾಗ ರಾಜ್ಯವೇ ಗದ್ದಲ ಮಾಡಿತು. ಪೊಲೀಸರು ರಾಡಾರ್ ಗನ್ ಹಿಡಿದು ನಿಂತರು. ವೇಗಮಿತಿ 100ಕ್ಕೆ ನಿಂತಿತು. ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯಲ್ಲಿ ನಿಷೇಧ ಬಂತು. ಮುಂದೆ ಕ್ಯಾಮೆರಾಗಳೂ ಬಂದವು. ಪೊಲೀಸರು ಕೊಟ್ಟ ಲೆಕ್ಕದಲ್ಲಿ ಮೇ ತಿಂಗಳಲ್ಲಿ 29 ಇದ್ದ ಸಾವು ಜುಲೈನಲ್ಲಿ 8ಕ್ಕೆ, ಆಗಸ್ಟ್‌ನಲ್ಲಿ 6ಕ್ಕೆ ಇಳಿಯಿತು.

ಜುಲೈ ಲೆಕ್ಕ ಗಮನಿಸಿ. ನಿಷೇಧ ಬರೋ ಮುಂಚೆಯೇ ಸಾವು ಕಡಿಮೆಯಾಗಿತ್ತು. ಎರಡು ತಿಂಗಳಲ್ಲಿ ಜನರ ಸಂಸ್ಕಾರ ಬದಲಾಗಲ್ಲ. ಬದಲಾದದ್ದು ನಿಗಾ.

ಇನ್ನೊಂದು ವಿಷಯವೂ ಇದೆ. ಅಲ್ಲಿ ಲೇನ್ ಶಿಸ್ತು ತಂದ ದಾರಿಗಳಲ್ಲಿ ಒಂದು, ನಿಧಾನದ ಗಾಡಿಗಳನ್ನು ಸರ್ವಿಸ್ ರಸ್ತೆಗೆ ಕಳಿಸಿದ್ದು. ಕವಿತಾಳದಲ್ಲಿ ಅದು ಆಗಲ್ಲ. ಇಲ್ಲಿ ಸರ್ವಿಸ್ ರಸ್ತೆಯೂ ಅದೇ, ಹೆದ್ದಾರಿಯೂ ಅದೇ, ಹೊಲದ ದಾರಿಯೂ ಅದೇ. ನಿಧಾನದ ಗಾಡಿ ಈ ರಸ್ತೆಗೆ ಅಡ್ಡಿಯಲ್ಲ, ಈ ರಸ್ತೆ ಇರೋದೇ ಅದಕ್ಕಾಗಿ.

ಈ ಪ್ರಶ್ನೆ ಇನ್ನೂ ದೊಡ್ಡದಾಗಲಿದೆ. ಸೂರತ್–ಚೆನ್ನೈ ಕಾರಿಡಾರ್ ನಮ್ಮ ಕಲ್ಯಾಣ ಕರ್ನಾಟಕದ ಮೂಲಕ ಹಾದುಹೋಗುತ್ತೆ. 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಅದರ 65.5 ಕಿ.ಮೀ. ಭಾಗಕ್ಕೆ ಅಡಿಗಲ್ಲು ಹಾಕಿದರು. ಆರು ಲೇನ್ ರಸ್ತೆಯಲ್ಲಿ ಕಂಟೇನರ್‌ಗಳು ಓಡುತ್ತವೆ. ನಮ್ಮ ಹತ್ತಿ ಟ್ರ್ಯಾಕ್ಟರ್ ಓಡೋದು ಹಳೆಯ ಎರಡು ಲೇನ್‌ನಲ್ಲೇ. ಹೊಸ ರಸ್ತೆಗೆ ಸಾವಿರಾರು ಕೋಟಿ ಹುಡುಕುವ ಸರ್ಕಾರಗಳು ಹಳೆಯ ರಸ್ತೆಯ ಮಧ್ಯದ ಗೆರೆಗೆ ಬಣ್ಣ ಹುಡುಕುತ್ತವಾ?

ಹೊಣೆ ಯಾರದು?

2019ರ ಅದೇ ತಿದ್ದುಪಡಿ 198ಎ ಅನ್ನೋ ಸೆಕ್ಷನ್ ಕೂಡ ತಂದಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರರಿಗೆ ಗರಿಷ್ಠ ಒಂದು ಲಕ್ಷ ರೂಪಾಯಿ ದಂಡ. ಚಾಲಕ ತಪ್ಪಿದರೆ ಜೈಲಿಗೆ ಅವಕಾಶ ಇದೆ, ರಸ್ತೆ ತಪ್ಪಿದರೆ ಬರೀ ದಂಡ. ಆ ದಂಡ ಕಟ್ಟಿದವರನ್ನು ನಿಮ್ಮ ತಾಲೂಕಿನಲ್ಲಿ ಯಾರಾದರೂ ಕಂಡಿದ್ದಾರಾ, ಕೇಳಿ ನೋಡಿ.

ದುಡ್ಡಿಲ್ಲ ಅನ್ನೋ ಮಾತೂ ನಡೆಯಲ್ಲ. 371(ಜೆ) ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆಯಾಗಿದೆ. ಹೊಸ ಗಾಡಿ ನೋಂದಣಿ ಮಾಡಿಸುವಾಗ ರಸ್ತೆ ಸುರಕ್ಷತೆ ಹೆಸರಲ್ಲಿ ನಾವೇ ಸೆಸ್ ಕಟ್ತೀವಿ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿ ಮಾಡಿದಾಗ ಅದರಲ್ಲಿ ದೇವದುರ್ಗ ಇತ್ತು. ಹಿಂದುಳಿದಿರುವಿಕೆಯನ್ನು ಶಾಲೆ, ಆಸ್ಪತ್ರೆಯ ಲೆಕ್ಕದಲ್ಲಿ ಅಳೀತೀವಿ. ಊರು ಬಿಟ್ಟು ಗುಳೆ ಹೋಗುವವರ ಕ್ರೂಸರ್‌ನಲ್ಲೂ ಅದನ್ನು ಅಳೆಯಬಹುದು. ಶಿರಾದಲ್ಲಿ ಸತ್ತವರು ಜೋರಾಗಿ ಹೋಗೋ ಮೋಜಿಗೆ ಆ ಗಾಡಿ ಹತ್ತಿರಲಿಲ್ಲ. ಊರಲ್ಲಿ ಕೆಲಸ ಇದ್ದಿದ್ದರೆ ಆ ನಸುಕಿನಲ್ಲಿ ಅವರು ಹೆದ್ದಾರಿಯಲ್ಲಿ ಇರುತ್ತಲೇ ಇರಲಿಲ್ಲ.

ಹಾಗಾದರೆ ಕೇಳಬೇಕಾದ್ದೇನು? ದೊಡ್ಡದೇನಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೆ ಮಧ್ಯದ ಗೆರೆ, ಅಂಚಿನ ಗೆರೆ ಮತ್ತೆ ಬಳಿಯಬೇಕು; ತಿರುವು, ದಿಬ್ಬದಲ್ಲಿ ಉದ್ದ ಗೆರೆ ಇರಬೇಕು. ಹತ್ತಿ, ಭತ್ತದ ಸುಗ್ಗಿ ಶುರುವಾಗುವ ಮುಂಚೆ ಪ್ರತಿ ಟ್ರೈಲರ್‌ಗೆ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಬೇಕು, ರೈತರಿಗೆ ದಂಡ ಹಾಕಿ ಅಲ್ಲ, ಎಪಿಎಂಸಿ ಗೇಟಲ್ಲಿ ಪುಕ್ಕಟೆ ಕೊಟ್ಟು. ಟ್ರ್ಯಾಕ್ಟರ್, ಬೈಕ್ ಸರಿಯುವಷ್ಟು ಅಂಚು ಗಟ್ಟಿ ಮಾಡಬೇಕು. ಬಸ್ಸು ರಸ್ತೆ ಮೇಲೆ ನಿಲ್ಲದೆ ಪಕ್ಕಕ್ಕೆ ನಿಲ್ಲೋ ಜಾಗ ಬೇಕು.

ಇದನ್ನು ಕೇಳೋಕೆ ಜಾಗವೂ ಇದೆ. ಮೋಟಾರು ವಾಹನ ಕಾಯ್ದೆಯ 215ನೇ ಸೆಕ್ಷನ್ ಪ್ರಕಾರ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇರಬೇಕು. ಅದರ ಸಭೆ ನಡಾವಳಿಯನ್ನು ಆರ್‌ಟಿಐ ಹಾಕಿ ತರಿಸಿಕೊಳ್ಳಿ. ಕವಿತಾಳದಿಂದ ಸಿರವಾರದ ತನಕ ಒಮ್ಮೆ ಹೋಗಿ ಬನ್ನಿ. ಮಧ್ಯದ ಗೆರೆ ಎಲ್ಲೆಲ್ಲಿ ಕಾಣುತ್ತೆ, ಎಲ್ಲಿ ಮಾಯವಾಗುತ್ತೆ ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆದು ಅರ್ಜಿಗೆ ಲಗತ್ತಿಸಿ. ಚುನಾವಣೆಗೆ ಓಟು ಕೇಳೋಕೆ ಬರುವವರೂ ಇದೇ ರಸ್ತೆಯಲ್ಲಿ ಬರ್ತಾರೆ. ಅವರ ಮುಂದೆ ದಾರಿ ಬಿಡಿಸೋಕೆ ಪೊಲೀಸ್ ಜೀಪು ಇರುತ್ತೆ, ಅಷ್ಟೇ ವ್ಯತ್ಯಾಸ.

ಅಲ್ಲಿಯ ತನಕ ನಮ್ಮ ಕೈಲಿರೋದು ಒಂದೇ: ಎದುರು ಕಾಣದಿದ್ದರೆ ಟ್ರ್ಯಾಕ್ಟರ್ ಹಿಂದೆಯೇ ಇರಿ. ಎದುರಿನವನ ಲೇನ್ ಸಾಲ ಕೊಡೋಕೆ ಅವನು ಒಪ್ಪಿದಾನಾ ಅಂತ ಕೇಳೋಕೆ ಏಳು ಸೆಕೆಂಡ್ ಸಾಲಲ್ಲ.