ಹೆಣ್ಣುಮಕ್ಕಳಿಲ್ಲದ ವಂಶವೃಕ್ಷ

ನಮ್ಮ ಬಳಗದ ಕೂಟವೊಂದರಲ್ಲಿ ಹಿರಿಯರೊಬ್ಬರು, ಮಗಳ ಮನೆಯೆಂದು ಇಂಗ್ಲೆಂಡಿಗೆ ಹೋಗಿ ಬಂದವರು, ಅಲ್ಲಿನ ಹಳ್ಳಿಯೊಂದರ ಇಗರ್ಜಿಯನ್ನು ಕಂಡ ಸಂಗತಿಯನ್ನು ಬಣ್ಣಿಸಿದರು. ನೆರೆಮನೆಯ ಮುದುಕನೊಬ್ಬ ಪ್ಯಾರಿಷ್ ದಾಖಲೆಗಳನ್ನು ಹಿಡಿದು ತನ್ನ ಹಿರಿಯರನ್ನು ಹತ್ತು ತಲೆಮಾರು ಹಿಂದಕ್ಕೆ ಹುಡುಕಿಕೊಂಡು ಹೋಗಿದ್ದನಂತೆ. "ಅವರಿಗೆ ಇತಿಹಾಸವಿದೆ, ನಮಗೆ ಪುರಾಣವಿದೆ" ಎಂದು ಅವರು ಮಾತು ಮುಗಿಸಿದಾಗ ಎಲ್ಲರೂ ತಲೆದೂಗಿದರು. ನಾವೂ ತಲೆದೂಗಿದೆವು. ಪರವಾಡದ ನಮ್ಮ ವಸತಿಗೆ ಮರಳಿದ ಮೇಲೆ ಆ ತಲೆದೂಗುವಿಕೆಯೇ ನಮ್ಮನ್ನು ಕಾಡತೊಡಗಿತು. ಈ ಮಾತನ್ನು ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಕೇಳಿದ್ದೆವು, ಆಮೇಲೆ ಇಪ್ಪತ್ತು ವರ್ಷ ನಾವೇ ಆಡಿದ್ದೆವು. ಈಗ ಇದನ್ನು ಸುಳ್ಳೆಂದು ಹೇಳಬೇಕಾಗಿದೆ.

ಮೊದಲಿಗೆ ಆ ಇಂಗ್ಲಿಷ್ ದಾಖಲೆಗಳ ಹುಟ್ಟನ್ನೇ ನೋಡೋಣ. 1538ರಲ್ಲಿ, ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿ ಪ್ಯಾರಿಷ್ಷಿನ ಪಾದ್ರಿಯೂ ಜ್ಞಾನಸ್ನಾನ, ಮದುವೆ, ಸಮಾಧಿಗಳನ್ನು ಪುಸ್ತಕದಲ್ಲಿ ಬರೆದು ಎರಡು ಬೀಗಗಳ ಪೆಟ್ಟಿಗೆಯಲ್ಲಿ ಇಡಬೇಕೆಂದು ಆಜ್ಞೆ ಮಾಡಿದ. ಇದು ಹೊಸ ತೆರಿಗೆಯ ಹೂಟವೆಂದು ಜನ ಗುಸುಗುಸು ಮಾಡಿದರು. ಬಡವರ ಬಾಳಿನ ಅತ್ಯಂತ ವಿವರವಾದ ಕಾಗದಗಳು ಅಲ್ಲಿ ಉಳಿದುಬಂದ ಬಗೆಯೂ ಅಂಥದೇ. ದಿಕ್ಕಿಲ್ಲದವನು ಊರಿಗೆ ಹೊರೆಯಾಗುವನೆಂಬ ಭಯದಿಂದ ಅವನನ್ನು ಕೂರಿಸಿ, ಎಲ್ಲಿ ಹುಟ್ಟಿದೆ, ಯಾರಲ್ಲಿ ಜೀತವಿದ್ದೆ ಎಂದು ವಿಚಾರಿಸಿ, ಹೇಳಿಕೆ ಬರೆಸಿಕೊಂಡು, ಅವನ ಹೊಣೆ ಹೊರಬೇಕಾದ ಪ್ಯಾರಿಷ್ಷಿಗೆ ಅಟ್ಟುತ್ತಿದ್ದರು. ಆ ಹೇಳಿಕೆಯೇ ಇಂದು ಅವನ ಮರಿಮಕ್ಕಳ ಕೈಗೆ ಸಿಕ್ಕುವ ಆತ್ಮಕಥೆ. ಇದರಲ್ಲಿ ಇತಿಹಾಸಪ್ರಜ್ಞೆ ಎಲ್ಲಿದೆ? ಕರ ಇದೆ, ಶಂಕೆ ಇದೆ, ಜಿಪುಣತನ ಇದೆ.

ಹಾಗಾದರೆ ಇತಿಹಾಸವನ್ನು ಮಾಡಿದವರು ಯಾರು? ನಮಗೆ ಥಟ್ಟನೆ ನೆನಪಾಗುವವನು ರಿಚರ್ಡ್ ಗಫ್. ಶ್ರಾಪ್‌ಷೈರಿನ ಮಿಡ್ಲ್ ಎಂಬ ಪ್ಯಾರಿಷ್ಷಿನ ಸಾಮಾನ್ಯ ಜಮೀನುದಾರ. 1701ರ ಸುಮಾರಿಗೆ, ವಯಸ್ಸು ಅರವತ್ತೈದು ದಾಟಿದ ಮೇಲೆ, ತನ್ನ ಊರಿನ ಚರಿತ್ರೆ ಬರೆಯಲು ಕುಳಿತ. ಅವನು ಹಿಡಿದ ದಾರಿ ಎಂಥದು! ಇಗರ್ಜಿಯೊಳಗೆ ಯಾವ ಬೆಂಚು ಯಾವ ಮನೆಯವರದೆಂದು ನಕ್ಷೆ ಹಾಕಿಕೊಂಡು, ಬೆಂಚಿನಿಂದ ಬೆಂಚಿಗೆ ಹೋಗುತ್ತ, ಅಲ್ಲಿ ಕೂರುವ ಮನೆತನದ ಕಥೆಯನ್ನೆಲ್ಲ ಬರೆದ. ಕುಡಿದು ಹೊಲ ಕಳೆದವನು ಇದ್ದಾನೆ, ಕಳ್ಳ ಇದ್ದಾನೆ, ಗಂಡನನ್ನು ಬಿಟ್ಟು ಹೋದವಳಿದ್ದಾಳೆ. ಅಂತರ್ಯುದ್ಧಕ್ಕೆ ಆ ಭಾಗದ ಮೂರು ಊರುಗಳಿಂದ 20 ಜನ ಹೋದರು, 13 ಜನ ಸತ್ತರು ಎಂದು ಲೆಕ್ಕ ಕೊಡುತ್ತಾನೆ. ತನ್ನ ಮನೆತನವನ್ನು ಮೆರೆಸಲು ಅವನು ಪುಸ್ತಕ ಬರೆಯಲಿಲ್ಲ. ಅವನ ಮನೆಯದು ಅಲ್ಲಿ ಹತ್ತರಲ್ಲಿ ಹನ್ನೊಂದನೆಯ ಬೆಂಚು. ಅವನು ಸತ್ತು ನೂರು ವರ್ಷ ದಾಟಿದ ಮೇಲೆ, 1834ರಲ್ಲಿ, ಅದು ಮೊದಲ ಸಲ ಅಚ್ಚಿನ ಮುಖ ಕಂಡಿತು.

ಈಗ ನಮ್ಮ ಕಡೆಗೆ ಬರೋಣ. ನಾವು ಬಾಲ್ಯದಲ್ಲಿದ್ದಾಗ ಸುಗ್ಗಿ ಮುಗಿದ ಮೇಲೆ ಊರಿಗೆ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದ. ಮೂಲ ಯಾವ ಊರು, ಯಾವ ಬರದಲ್ಲಿ ಅಲ್ಲಿಂದ ಎದ್ದರು, ಅಣ್ಣತಮ್ಮಂದಿರು ಯಾವ ಕಾಲಕ್ಕೆ ಬೇರೆಯಾದರು, ಎಲ್ಲ ಅವನ ಬಾಯಲ್ಲಿ. ಹೊಸದಾಗಿ ಹುಟ್ಟಿದವರ ಹೆಸರನ್ನು ಹೊತ್ತಗೆಯಲ್ಲಿ ಬರೆದುಕೊಂಡು, ಕೊಟ್ಟ ಕಾಳನ್ನೋ ಬಟ್ಟೆಯನ್ನೋ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದ. ಪಾದ್ರಿಯ ಪೆಟ್ಟಿಗೆ ಇಗರ್ಜಿಯಲ್ಲಿ ಇರುತ್ತಿತ್ತು, ನಮ್ಮದು ಎತ್ತಿನ ಬೆನ್ನ ಮೇಲೆ ಬರುತ್ತಿತ್ತು. ಒಂದು ವರ್ಷ ನಮ್ಮ ಚಿಕ್ಕಪ್ಪ, ಊರಿನ ಮೊದಲ ಪದವೀಧರರಲ್ಲೊಬ್ಬರು, "ಭಿಕ್ಷುಕರಿಗೆಲ್ಲ ಕೊಡಲಾಗುವುದಿಲ್ಲ" ಎಂದು ಬಾಗಿಲು ಹಾಕಿಕೊಂಡರು. ಮರುವರ್ಷದಿಂದ ಅವನು ನಮ್ಮ ಮನೆಗೆ ಬರಲಿಲ್ಲ. ಇತಿಹಾಸಪ್ರಜ್ಞೆ ಇಲ್ಲದಿದ್ದವರು ಯಾರು, ಹೆಳವನೋ ಪದವೀಧರರೋ?

ಕೈಫಿಯತ್ತುಗಳ ಕಥೆಯೂ ಇದೇ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಆರಂಭಿಸಿದಾಗ ಅವನ ಕಣ್ಣೂ ಕಿವಿಯೂ ಆಗಿದ್ದವರು ಏಲೂರಿನ ಕಾವಲಿ ಸಹೋದರರು. ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮೊದಲಾದವರು ಊರೂರಿಗೆ ಹೋಗಿ, ಜನರನ್ನು ಕಳಿಸಿ, ಶಾನುಭೋಗರು, ಕರಣಂಗಳು, ಪೂಜಾರಿಗಳು ಹೇಳಿದ್ದನ್ನು ಬರೆಸಿಕೊಂಡರು. ಕೆರೆ ಕಟ್ಟಿಸಿದವರು ಯಾರು, ಊರು ಹಾಳಾದದ್ದು ಯಾವ ದಂಡಿನಿಂದ, ದೇವರಿಗೆ ಬಿಟ್ಟ ಭೂಮಿ ಎಷ್ಟು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚುಹಾಕಿದೆ. ನಮ್ಮ ಬಳಗದಲ್ಲಿ ಅದನ್ನು ತೆರೆದು ತಮ್ಮ ಸೀಮೆಯ ಹಾಳೆಗಳನ್ನು ಓದಿದವರು ಎಷ್ಟು ಮಂದಿ? ಕೈ ಎತ್ತಿಸಿದರೆ ನಮ್ಮ ಕೈಯೂ ತೀರಾ ಈಚೆಗಷ್ಟೇ ಎದ್ದದ್ದೆಂದು ಒಪ್ಪಿಕೊಳ್ಳುತ್ತೇವೆ.

ಕಚೇರಿಯ ಕೆಲಸಕ್ಕಾಗಿ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗುವಾಗಲೆಲ್ಲ ರೈಲು ಏಲೂರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಕೂಗಳತೆಯಲ್ಲದಿದ್ದರೂ ಹತ್ತಿರವೇ ಪೆದವೇಗಿ, ಹಳೆಯ ವೆಂಗಿ. ಕನ್ನಡದ ಆದಿಕವಿಯ ಹಿರಿಯರು ವೆಂಗಿಮಂಡಲದವರು. ಪಂಪ ತನ್ನ ಕಾವ್ಯದಲ್ಲಿ ಮಾಧವ ಸೋಮಯಾಜಿಯಿಂದ ತಂದೆಯವರೆಗೆ ಗಂಡಸರ ಸಾಲನ್ನು ಹೇಳಿಕೊಂಡಿದ್ದಾನೆ. ತಾಯಿಯ ಹೆಸರು ನಮಗೆ ತಿಳಿದದ್ದು ಆ ಕಾವ್ಯದಿಂದಲ್ಲ. ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿ ಬೊಮ್ಮಲಗುಟ್ಟದ ಬಂಡೆಯ ಮೇಲೆ ಅವನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ ಶಾಸನವಿದೆ. ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಅಲ್ಲಿದೆ. ಪಂಪನಿಗೂ ಅಣ್ಣಿಗೇರಿಗೂ ಇರುವ ಸಂಬಂಧದ ಮಾತಿಗೆ ಆಧಾರ ಸಿಕ್ಕಿದ್ದು ತೆಲುಗು ನಾಡಿನ ಗುಡ್ಡದ ಮೇಲೆ, ತಾಯಿಯ ತವರನ್ನು ಮರೆಯದ ಮಗನೊಬ್ಬನಿಂದ.

ಇಷ್ಟು ಹೇಳಿದ ಮೇಲೆ ನಮ್ಮ ನಾಚಿಕೆಯನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮನೆತನದವರೆಲ್ಲ ಸೇರಿ ವಂಶವೃಕ್ಷದ ಪುಸ್ತಿಕೆಯೊಂದನ್ನು ಅಚ್ಚುಹಾಕಿಸಿದರು. ಇಂಥ ಪುಸ್ತಿಕೆಗಳನ್ನು ಓದುಗರೆಲ್ಲ ಕಂಡಿದ್ದಾರೆ: ಮುಖಪುಟದಲ್ಲಿ ಆಲದ ಮರ, ಒಳಗೆ ಗೋತ್ರ, ಕುಲದೇವರು, ಯಾವುದೋ ಅರಸನ ಆಸ್ಥಾನದಲ್ಲಿ ಹಿರಿಯರಿಗಾದ ಸನ್ಮಾನ, ಆಮೇಲೆ ಕೊಂಬೆಕೊಂಬೆಗೆ ಗಂಡಸರ ಹೆಸರು. ನಮ್ಮದರಲ್ಲಿ ಒಂಬತ್ತು ತಲೆಮಾರು. ಮುನ್ನುಡಿ ಬರೆದವರು ನಾವೇ, ಮೂರು ಪುಟ, ಹೆರಿಟೇಜಿನ ಬಗ್ಗೆ. ಬಿಡುಗಡೆಯ ದಿನ ನಮ್ಮ ಸೋದರತ್ತೆಯ ಕೈಗೂ ಒಂದು ಪ್ರತಿ ಕೊಟ್ಟೆವು. ಇಪ್ಪತ್ತೆರಡಕ್ಕೆ ವಿಧವೆಯಾಗಿ ತವರಿಗೆ ಬಂದು, ಅಜ್ಜನ ಹಾಸಿಗೆ ಹಿಡಿದ ಹನ್ನೊಂದು ವರ್ಷ ಅವನನ್ನು ನೋಡಿಕೊಂಡು, ಹೊಲದ ಲೆಕ್ಕವನ್ನೂ ಇಟ್ಟವರು ಅವರು. ಬೆರಳಿಟ್ಟು ಕೊಂಬೆಗಳ ಮೇಲೆ ಹುಡುಕಿದರು. ತಮ್ಮಂದಿರ ಹೆಸರಿನ ಬಳಿ ಬೆರಳು ಸ್ವಲ್ಪ ಹೊತ್ತು ನಿಂತಿತು. "ಅಕ್ಷರ ಸಣ್ಣದು, ಕಾಣಿಸುವುದಿಲ್ಲ" ಎಂದು ಪುಸ್ತಿಕೆಯನ್ನು ಮಡಚಿ ಕೊಟ್ಟರು. ಅವರಿಗೆ ಕಣ್ಣು ಚೆನ್ನಾಗಿಯೇ ಇದೆ.

ಆತಕೂರಿನ ವೀರಗಲ್ಲಿನ ನೆನಪಾಗುತ್ತದೆ. ಹತ್ತನೆಯ ಶತಮಾನದ ಆ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರಿದೆ. ಬೇಟೆನಾಯಿಯೊಂದರ ಹೆಸರನ್ನು ಕಲ್ಲಿನಲ್ಲಿ ಕೊರೆಸಿದ ಜನರ ನಾಡಿನಲ್ಲಿ, ಆಫ್‌ಸೆಟ್ ಮುದ್ರಣದ ಕಾಲದಲ್ಲಿ, ಮನೆಮಗಳೊಬ್ಬಳ ಹೆಸರಿಗೆ ಜಾಗ ಸಾಲಲಿಲ್ಲ.

ಹೆಳವನನ್ನು, ಶಾನುಭೋಗನನ್ನು ಅಟ್ಟಕ್ಕೇರಿಸುವುದು ನಮ್ಮ ಉದ್ದೇಶವಲ್ಲ. ಹೆಳವ ನಿಲ್ಲುತ್ತಿದ್ದದ್ದು ಕಾಳು ಇರುವ ಮನೆಯ ಮುಂದೆ. ಶಾನುಭೋಗನ ಕಡತದಲ್ಲಿ ಬರುವವನು ಕಂದಾಯ ಕಟ್ಟುವವನು. ಹೊಲವಿಲ್ಲದ ಕೇರಿಗಳು ಎರಡರಲ್ಲೂ ತೆಳುವು. ಪ್ಯಾರಿಷ್ಷಿನ ಪಾದ್ರಿ ಹಾದರಕ್ಕೆ ಹುಟ್ಟಿದವನೆಂದು ಜರೆದಾದರೂ ಆ ಕೂಸಿನ ಹೆಸರನ್ನು ಬರೆದ. ಅಷ್ಟರಮಟ್ಟಿಗೆ ಅವರ ದಾಖಲೆ ನಮ್ಮದಕ್ಕಿಂತ ಮೇಲು, ಇದನ್ನು ಒಪ್ಪದೆ ಗತಿಯಿಲ್ಲ. ಕರ್ನಾಟಕದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯ್ದೆ ರದ್ದುಮಾಡಿತು, ಆಂಧ್ರದಲ್ಲಿ ಕರಣಂ ಹುದ್ದೆ 1984ರಲ್ಲಿ ಹೋಯಿತು. ಎರಡೂ ಆಗಬೇಕಾದದ್ದೇ. ಆದರೆ ಆ ಮನೆಗಳ ಅಟ್ಟದ ಮೇಲೆ ಉಳಿದ ಕಾಗದದ ಗಂಟುಗಳ ಗತಿಯೇನೆಂದು ಯೋಚಿಸಿದವರು ಕಡಿಮೆ. ಗೆದ್ದಲು ಜಾತಿ ನೋಡುವುದಿಲ್ಲ.

ಪರವಾಡದ್ದೇ ಉದಾಹರಣೆ ಕೊಡಬಹುದು. 1802ರ ಕಾಯಂ ಬಂದೋಬಸ್ತಿನಿಂದ 1948ರ ಕಾಯ್ದೆಯವರೆಗೆ ವಿಶಾಖಪಟ್ಟಣ ಸೀಮೆಯ ಬಹುಭಾಗ ಜಮೀನ್ದಾರಿ. ಕಾರ್ಮೈಕೇಲನ 1869ರ ಕೈಪಿಡಿಯಲ್ಲೂ ಫ್ರಾನ್ಸಿಸನ 1907ರ ಗೆಜೆಟಿಯರಿನಲ್ಲೂ ಜಮೀನ್ದಾರರ ಜಗಳಗಳು ಧಾರಾಳ. ಉತ್ತವನ ಹೆಸರನ್ನು ಅಲ್ಲಿ ಹುಡುಕಬಾರದು. ಭೀಮಿಲಿಯಲ್ಲಿ ಡಚ್ಚರ ಸಮಾಧಿಗಳ ಮೇಲೆ ಹದಿನೇಳನೆಯ ಶತಮಾನದ ಹೆಸರುಗಳನ್ನು ಇಂದಿಗೂ ಓದಬಹುದು. ಮದ್ರಾಸ್ ಪ್ರಾಂತದಲ್ಲಿ ಸತ್ತ ಇಂಗ್ಲಿಷಿನವನ ಸಮಾಧಿಯ ವಿವರ ನಕಲಾಗಿ ಲಂಡನ್ನಿಗೆ ಹೋಗಿ ಬ್ರಿಟಿಷ್ ಲೈಬ್ರರಿಯಲ್ಲಿ ಕುಳಿತಿದೆ. ಕಳೆದ ಕೆಲವು ದಶಕಗಳಲ್ಲಿ ಇಲ್ಲಿ ಉಷ್ಣ ವಿದ್ಯುತ್ ಸ್ಥಾವರ ಬಂತು, ಔಷಧ ಕಾರ್ಖಾನೆಗಳ ನಗರ ಬಂತು, 2022ರಲ್ಲಿ ಜಿಲ್ಲೆಯ ಹೆಸರೇ ಬದಲಾಗಿ ಅನಕಾಪಲ್ಲಿಯಾಯಿತು. ಭೂಸ್ವಾಧೀನದ ಕಡತಗಳಲ್ಲಿ ಸರ್ವೆ ನಂಬರು, ಪಟ್ಟಾದಾರನ ಹೆಸರು, ಬಾವಿ, ತಾಳೆಮರ, ತೆಂಗಿನಮರ ಇವೆಲ್ಲ ಬೆಲೆಸಹಿತ ಇರುತ್ತವೆ. ತಾಳೆಮರಕ್ಕೆ ಇರುವ ಸಾಲು ಆ ಹೊಲದಲ್ಲಿ ಕಳೆ ಕಿತ್ತವಳಿಗೆ ಇಲ್ಲ. ನಮ್ಮ ವಸತಿಯ ತೋಟದ ಕೆಲಸಕ್ಕೆ ಬರುವ ಮುದುಕಿಯೊಬ್ಬಳು, ಇಲ್ಲಿ ಯಾರ ಕಳ್ಳೆ ಹೊಲವಿತ್ತು, ಯಾರ ಮನೆಯ ಹುಡುಗಿ ಯಾವ ಬಾವಿಗೆ ಬಿದ್ದಳು ಎಂದು ಹುಣಸೆಮರವೊಂದನ್ನು ಗುರುತು ಹಿಡಿದು ಹೇಳುತ್ತಾಳೆ. ಗಫ್ ಹಿಡಿದದ್ದು ಬೆಂಚನ್ನು, ಇವಳು ಹಿಡಿದದ್ದು ಮರವನ್ನು. ಅವಳ ತೆಲುಗನ್ನು ನಾವು ಬರೆದುಕೊಳ್ಳಲು ಆರಂಭಿಸಿ ನಾಲ್ಕು ತಿಂಗಳಾಯಿತು. ಎರಡು ನೋಟುಪುಸ್ತಕ ತುಂಬಿವೆ.

"ನಮ್ಮಲ್ಲಿ ದಾಖಲೆ ಎಲ್ಲಿದೆ" ಎಂದು ಇನ್ನೂ ಕೇಳುವವರಿಗೆ: ಊರಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿದೆ, ಅರ್ಧಕ್ಕರ್ಧ ಮಕ್ಕಳು ಹೆಡ್‌ಮಾಸ್ತರರ ದಯೆಯಿಂದ ಜೂನ್ 1ರಂದು ಹುಟ್ಟಿದ್ದರೂ. ಸಬ್ ರಿಜಿಸ್ಟ್ರಾರ್ ಕಚೇರಿಯ ಅಡಮಾನ ಪತ್ರಗಳಲ್ಲಿದೆ, ಜಾತ್ರೆಯಲ್ಲಿ ತೇರಿನ ಹಗ್ಗ ಮೊದಲು ಹಿಡಿಯುವ ಹಕ್ಕು ಯಾರದೆಂಬ ಜಗಳದಲ್ಲಿದೆ. ಬೀದಿಯ ಈ ತುದಿಯ ಮನೆಯಿಂದ ಹೊರಟು ಆ ತುದಿಗೆ, ಕೇರಿಗಳನ್ನೂ ಬಿಡದೆ, ಒಂದೊಂದು ಬಾಗಿಲಲ್ಲೂ ನಿಂತು ಕೇಳಿದರಾಯಿತು. ಹೀಗೆ ಕೇಳಹೊರಟರೆ ಆಸ್ಥಾನದ ಸನ್ಮಾನದ ಜೊತೆಗೆ, ಯಾರ ಹೊಲವನ್ನು ನಮ್ಮಜ್ಜ ಬಡ್ಡಿಗೆ ನುಂಗಿದರೆಂಬುದೂ ಹೊರಬೀಳುತ್ತದೆ. ಪುಸ್ತಿಕೆ ಮಾಡುವವರು ಬೀದಿಗಿಳಿಯದಿರುವ ಕಾರಣ ಅದೇ ಎಂದು ನಮ್ಮ ಗುಮಾನಿ.

ದೀಪಾವಳಿಗೆ ಊರಿಗೆ ಹೋದಾಗ ಪುಸ್ತಿಕೆಯ ಪ್ರತಿಯನ್ನು ಅತ್ತೆಯ ಮುಂದಿಟ್ಟು, ಪೆನ್ನು ಕೊಟ್ಟು, ಬಿಟ್ಟುಹೋದವರನ್ನೆಲ್ಲ ಹೇಳಬೇಕೆಂದು ಕೇಳಿದೆವು. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಹೇಳಿದ ಮೊದಲ ಹೆಸರು ಅವರದಲ್ಲ, ನಮ್ಮದೇ ಮನೆಯಲ್ಲಿ ಎಂಟನೆಯ ವಯಸ್ಸಿನಿಂದ ಸಾಯುವವರೆಗೆ ದನ ಕಾಯ್ದ ಆಳೊಬ್ಬನದು.