ಶಟರನ್ನು ಎತ್ತುವವರು ಯಾರು?

ಮನೆವಾರ್ತೆ



ಕಳೆದ ಸಂಚಿಕೆಯಲ್ಲಿ ತಾರಸಿಯ ಬಿರುಕುಗಳನ್ನು ಮಳೆಗೆ ಮುಂಚೆ ನೋಡಿಕೊಳ್ಳತಕ್ಕ ಬಗೆಯನ್ನು ಕುರಿತು ನಾಲ್ಕು ಮಾತು ಬರೆದಿದ್ದೆ. ಈ ಸಲ ತಾರಸಿಯಿಂದ ಇಳಿದು ಬಾಗಿಲಿಗೆ ಬಂದಿದ್ದೇನೆ. ಬಾಗಿಲೆಂದರೆ ತೋರಣ ಕಟ್ಟುವ ಮನೆಬಾಗಿಲಲ್ಲ. ಬೆಳಿಗ್ಗೆ ಗಡಗಡನೆ ಮೇಲೇರಿ ರಾತ್ರಿ ಗಡಗಡನೆ ಕೆಳಗಿಳಿಯುವ ಕಬ್ಬಿಣದ ರೋಲಿಂಗ್ ಶಟರು. ನಮ್ಮ ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಕಾರಿಗೆಂದೇ ಬಾಗಿಲುಳ್ಳ ಗ್ಯಾರೇಜು ಇಟ್ಟುಕೊಂಡವರು ಬೆರಳೆಣಿಕೆಯ ಮಂದಿ. ಆದರೆ ಊರು ಬಿಟ್ಟು ಬಂದು, ಒಂದು ಗಾಲಾ ಹಿಡಿದು, ಹೋಟೆಲೋ ಕಿರಾಣಿ ಅಂಗಡಿಯೋ ಝೆರಾಕ್ಸ್ ಅಂಗಡಿಯೋ ನಡೆಸುತ್ತಿರುವ ನಮ್ಮವರು ಎಷ್ಟಿಲ್ಲ? ಅವರ ದಿನ ಆರಂಭವಾಗುವುದೇ ಆ ಗಡಗಡ ಸದ್ದಿನಿಂದ.

ಹೋದ ತಿಂಗಳ ಮಾತು. ಬೆಳಿಗ್ಗೆ ಏಳಕ್ಕೆ ಡೊಂಬಿವಲಿಯ ಅಕ್ಕನಿಂದ ಫೋನು ಬಂತು. "ರಾತ್ರಿ ಯಾವನೋ ಟೆಂಪೋದವ ಗಾಡಿ ಹಿಂದಕ್ಕೆ ತೆಗೆಯುವಾಗ ಅಂಗಡಿಯ ಶಟರಿಗೆ ಗುದ್ದಿದ್ದಾನೆ. ನಿನ್ನ ಭಾವ ರಿಪೇರಿ ಸಾಕು ಅನ್ನುತ್ತಾರೆ. ನಾನು ಹೊಸದು ಹಾಕಿಸೋಣ ಅನ್ನುತ್ತೇನೆ. ನೀನು ಬಂದು ಒಂದು ನ್ಯಾಯ ಹೇಳು" ಎಂದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಉಂಟಷ್ಟೆ. ಈ ಜಗಳ ಉಂಡು ಮಲಗಿ ಎದ್ದ ಮೇಲೂ ಮುಗಿದಿರಲಿಲ್ಲ. ಥಾಣೆಯಲ್ಲಿ ಕಲ್ಯಾಣದ ಲೋಕಲ್ ಹತ್ತಿದೆ.

ಹೋಗಿ ನೋಡುತ್ತೇನೆ, ಶಟರು ಸೊಂಟದೆತ್ತರದಲ್ಲಿ ಸಿಕ್ಕಿಕೊಂಡು ನಿಂತಿದೆ. ಭಾವ ಅದರ ಕೆಳಗೆ ಬಗ್ಗಿ ಒಳಗೆ ಹೋಗಿ, ಬಗ್ಗಿ ಹೊರಗೆ ಬಂದು ಗಿರಾಕಿಗಳಿಗೆ ಹಾಲಿನ ಪೊಟ್ಟಣ ಕೊಡುತ್ತಿದ್ದಾರೆ. ಊರಿನ ಕುಚ್ಚಲಕ್ಕಿ, ಹಪ್ಪಳ, ಸಂಡಿಗೆ, ತೆಂಗಿನೆಣ್ಣೆ ಮಾರುವ ಆ ಅಂಗಡಿಗೆ ಮೂವತ್ತು ವರ್ಷ ದಾಟಿದೆ. ಶಟರಿನ ವಯಸ್ಸೂ ಅಷ್ಟೇ. ಅದರ ಮೇಲೆ ಅಂಗಡಿಯ ಹೆಸರನ್ನು ಕನ್ನಡದಲ್ಲಿ ಬರೆದವರು ಭಾವನ ತೀರ್ಥರೂಪರು. ತಾವೇ ಏಣಿ ಹತ್ತಿ, ಕೆಂಪು ಬಣ್ಣದಲ್ಲಿ, ಒಂದೊಂದಕ್ಷರವನ್ನೂ ದುಂಡಗೆ ಬರೆದಿದ್ದರು. ಅವರು ಈಗಿಲ್ಲ. "ಹೊಸದು ಹಾಕಿದರೆ ಅದು ಭಂಗಾರದವನ ತಕ್ಕಡಿಗೆ ಹೋಗುತ್ತದೆ" ಎಂದರು ಭಾವ. ಅವರ ಹಟದ ಬೇರು ಎಲ್ಲಿದೆಯೆಂದು ನನಗೆ ಆಗ ತಿಳಿಯಿತು.

ಮೊದಲು ಒಂದು ಕೆಲಸ ಮಾಡಿಸಿದೆ. ಶಟರಿಗೆ ಯಾರೂ ಕೈ ಹಚ್ಚುವ ಮುಂಚೆ ನಾಲ್ಕು ಕಡೆಯಿಂದ ಫೋಟೋ ತೆಗೆಸಿದೆ. ಟೆಂಪೋದ ನಂಬರು, ಹೊತ್ತು, ನೋಡಿದವರ ಹೆಸರು ಬರೆದಿಡಿಸಿದೆ. ಗಾಡಿಯ ಮಾಲಿಕನ ಹತ್ತಿರವಾಗಲಿ, ವಿಮೆಯವರ ಹತ್ತಿರವಾಗಲಿ ನಷ್ಟ ಕೇಳಬೇಕಾದರೆ ಇವು ಬೇಕು. ರಿಪೇರಿಯಾದ ಮೇಲೆ ಪೆಟ್ಟಿನ ಗುರುತು ಎಲ್ಲಿಂದ ತರುವುದು? ಗಾಲಾ ಬಾಡಿಗೆಯದೋ ಪಗಡಿಯದೋ ಆಗಿದ್ದರೆ ಮಾಲಿಕರಿಗೂ, ಸೊಸೈಟಿಯಲ್ಲಿದ್ದರೆ ಸೊಸೈಟಿಗೂ ಒಂದು ಚೀಟಿ ಬರೆದು ತಿಳಿಸಿಬಿಡುವುದು ಒಳ್ಳೆಯದು.

ಮಧ್ಯಾಹ್ನ ಕಲ್ಯಾಣದಿಂದ ಶಟರಿನ ಮಿಸ್ತ್ರಿ ಬಂದ. ಅವನು ಕೆಲಸ ಮಾಡುತ್ತ ತೋರಿಸಿದ್ದನ್ನು ನಿಮಗೂ ಹೇಳುತ್ತೇನೆ. ಶಟರನ್ನು ನಾವು ಒಂದು ವಸ್ತು ಎಂದುಕೊಳ್ಳುತ್ತೇವೆ. ನಿಜವಾಗಿ ಅದು ನಾಲ್ಕು ವಸ್ತುಗಳ ಸಂಸಾರ. ಒಂದಕ್ಕೊಂದು ಕೊಂಡಿ ಹಾಕಿಕೊಂಡ ಪಟ್ಟಿಗಳು ಒಂದು. ಅವು ಜಾರುವ ಎರಡು ಬದಿಯ ಚಾನೆಲ್ಲುಗಳು ಎರಡು. ಮೇಲೆ ಸುತ್ತಿಕೊಳ್ಳುವ ಪೈಪು ಮತ್ತು ಅದನ್ನು ಹೊತ್ತ ಬ್ರಾಕೆಟ್ಟುಗಳು ಮೂರು. ಪೈಪಿನೊಂದಿಗೆ ಕೂತು ಯಾರ ಕಣ್ಣಿಗೂ ಬೀಳದ ಸ್ಪ್ರಿಂಗುಗಳು ನಾಲ್ಕು. ಪೆಟ್ಟು ಯಾರಿಗೆ ಬಿದ್ದಿದೆ ಎಂದು ಕೇಳದೆ ಇಡೀ ಸಂಸಾರವನ್ನು ಹೊರಗೆ ಹಾಕುವುದು ದುಂದು. ಎಲ್ಲರಿಗೂ ಕಾಯಿಲೆ ಹಿಡಿದಿರುವಾಗ ಒಬ್ಬನಿಗೆ ಪಟ್ಟಿ ಕಟ್ಟುವುದು ಜಿಪುಣತನ.

ಎರಡು ಮೂರು ಪಟ್ಟಿಗಳು ಬಗ್ಗಿದ್ದರೆ ಅವನ್ನು ಪಕ್ಕಕ್ಕೆ ಜಾರಿಸಿ ತೆಗೆದು ಬೇರೆಯದನ್ನು ಸೇರಿಸಬಹುದು. ಹಳೆಯ ಪಟ್ಟಿಯ ಅಚ್ಚಿಗೂ ದಪ್ಪಕ್ಕೂ ಹೊಸದು ಹೊಂದಬೇಕು, ಅಷ್ಟೆ. ಹೊಂದದಿದ್ದರೆ ಕೊಂಡಿ ಕೂರುವುದಿಲ್ಲ. ಚಾನೆಲ್ಲು ಸ್ವಲ್ಪ ಡೊಂಕಾದರೆ ನೆಟ್ಟಗೆ ಮಾಡಬಹುದು, ಹೆಚ್ಚು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಆದರೆ ಅದನ್ನು ಹಿಡಿದ ಗೋಡೆ ಸಡಿಲವಾಗಿದ್ದರೆ ಮೊದಲು ಗಾರೆಯವನನ್ನು ಕರೆಯತಕ್ಕದ್ದು. ಸ್ಪ್ರಿಂಗು ಮುರಿದರೆ ಸ್ಪ್ರಿಂಗು ಬದಲಿಸಿದರಾಯಿತು. ಅದಕ್ಕಾಗಿ ಶಟರನ್ನೇ ಬದಲಿಸಬೇಕಾಗಿಲ್ಲ. ಒಂದು ಮುರಿದಾಗ ಜೊತೆಯವೂ ಅದೇ ವಯಸ್ಸಿನವೆಂಬುದನ್ನು ಮರೆಯದೆ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಲೇಸು.

ಇಷ್ಟರವರೆಗೆ ಭಾವನ ಪಕ್ಷವೇ ಗೆಲ್ಲುತ್ತಿತ್ತು. ಬಗ್ಗಿದ್ದು ಮೂರೇ ಪಟ್ಟಿ, ಡೊಂಕಾದದ್ದು ಒಂದೇ ಚಾನೆಲ್ಲು. ಆಗ ಮಿಸ್ತ್ರಿ ಕೆಳಗೆ ಕೂತು, ಬಣ್ಣ ಹೊಳೆಯುತ್ತಿದ್ದ ಕೆಳಗಿನ ಪಟ್ಟಿಯೊಂದಕ್ಕೆ ಸ್ಕ್ರೂಡ್ರೈವರಿನ ತುದಿ ಒತ್ತಿದ. ಹಪ್ಪಳಕ್ಕೆ ಬೆರಳು ಹೋದ ಹಾಗೆ ಅದು ಒಳಗೆ ಹೋಯಿತು. ಅದರ ಮೇಲಿನದೂ ಹಾಗೆಯೇ. ಹೀಗೆ ಎಂಟು ಒಂಬತ್ತು ಪಟ್ಟಿ.

"ಶೇಠ್, ಟೆಂಪೋ ಕೊಟ್ಟದ್ದು ಮೂರು ಪಟ್ಟಿಯ ಪೆಟ್ಟು. ಇದು ಹಳೆಯ ರೋಗ. ಇಲ್ಲಿ ಎಂದಾದರೂ ನೀರು ನಿಂತಿತ್ತೇ?" ಎಂದು ಕೇಳಿದ.

ನಿಂತಿತ್ತು. ೨೦೦೫ರ ಜುಲೈ ೨೬ನ್ನು ಇಲ್ಲಿಯ ಯಾರು ಮರೆತಾರು? ಸಾಂತಾಕ್ರೂಜಿನಲ್ಲಿ ಒಂದೇ ದಿವಸ ೯೪೪ ಮಿಲಿಮೀಟರು ಮಳೆ ಬಿತ್ತು. ಕಲ್ಯಾಣ ಡೊಂಬಿವಲಿಗಳ ತಗ್ಗಿನ ಭಾಗಗಳಿಗೂ ನೀರು ನುಗ್ಗಿತು. ಭಾವನ ಅಂಗಡಿಯಲ್ಲಿ ಅಕ್ಕಿಮೂಟೆಗಳು ನೆನೆದು ಹಾಳಾದದ್ದು ನನಗೆ ನೆನಪಿದೆ. ಅಕ್ಕಿ ಹೋಯಿತು, ಮತ್ತೆ ತಂದರು. ಶಟರಿನ ಕೊಂಡಿಗಳ ಮಡಿಕೆಯಲ್ಲಿ ಉಳಿದ ಕೆಸರನ್ನು ಯಾರೂ ತೆಗೆಯಲಿಲ್ಲ. ಅದರ ಮೇಲೆ ವರ್ಷ ವರ್ಷ ಬಣ್ಣ ಬಳಿದರು. ಬಣ್ಣ ತುಕ್ಕನ್ನು ಕಣ್ಣಿಗೆ ಮರೆಮಾಡೀತೇ ಹೊರತು ಗುಣಪಡಿಸಲಾರದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ; ಆದುದರಿಂದಲೇ ಕೊಂಡಿಗಳು ಉಬ್ಬಿ ಬಿಗಿಯುತ್ತವೆ, ಶಟರು ಕಿರುಚುತ್ತದೆ. ನೆರೆ ಬಾರದ ಅಂಗಡಿಗಳಲ್ಲೂ ರೋಗ ಹಿಡಿಯುವುದು ಕೆಳಗಿನಿಂದಲೇ. ದಿನವೂ ನೆಲ ತೊಳೆದ ನೀರು, ಮಳೆಗಾಲದ ಸಿಡಿತ, ಖಾಡಿಯ ಉಪ್ಪುಗಾಳಿ ಇವು ಮೂರು ಸಾಕು.

ಬಳಿಕ ಮಿಸ್ತ್ರಿ ಮೇಲಿನ ಕವರು ತೆಗೆದ. ಸ್ಪ್ರಿಂಗುಗಳಲ್ಲಿ ಒಂದು ಎಂದೋ ಮುರಿದಿತ್ತು. ಉಳಿದವು ಬಲಗುಂದಿದ್ದವು.

ಸ್ಪ್ರಿಂಗಿನ ಕೆಲಸವೇನೆಂಬುದನ್ನು ಲೆಕ್ಕ ಹಾಕಿ ನೋಡೋಣ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಶಟರಿನ ಪಟ್ಟಿಗೆ ೮೦ ಮಿಲಿಮೀಟರು ಅಗಲ, ೧.೨೫ ಮಿಲಿಮೀಟರು ದಪ್ಪ ಎಂದು ಹೇಳಿದೆ. ಅಷ್ಟು ದಪ್ಪದ ಉಕ್ಕಿನ ಹಾಳೆ ಚದರ ಮೀಟರಿಗೆ ಹೆಚ್ಚುಕಡಮೆ ೧೦ ಕಿಲೋ ತೂಗುತ್ತದೆ. ೩ ಮೀಟರು ಅಗಲ, ಎರಡೂವರೆ ಮೀಟರು ಎತ್ತರದ ಬಾಗಿಲಿಗೆ ೭೫ ಕಿಲೋ ಆಯಿತು. ಮಡಿಕೆ ಕೊಂಡಿಗಳು ಸೇರಿದರೆ ಇನ್ನೂ ಹೆಚ್ಚು. ಒಂದೂವರೆ ಅಕ್ಕಿಮೂಟೆಯ ಭಾರ! ಶಟರು ಇಳಿಯುವಾಗ ಸ್ಪ್ರಿಂಗು ತಿರುಚಿಕೊಂಡು ಬಲ ಕೂಡಿಡುತ್ತದೆ. ಏರುವಾಗ ಆ ಬಲವನ್ನು ಮರಳಿ ಕೊಡುತ್ತದೆ. ಅದು ಸೋತರೆ ಆ ಭಾರ ಎತ್ತುವವರ ಪಾಲಿಗೆ ಬರುತ್ತದೆ.

"ಬೆಳಿಗ್ಗೆ ಇದನ್ನು ಎತ್ತುವವರು ಯಾರು?" ಎಂದು ಕೇಳಿದೆ.

ಇಬ್ಬರೂ ಸುಮ್ಮನಾದರು. ಭಾವ ಬೆಳಗಿನ ಐದೂವರೆಗೆ ಹಾಲು ತರಲು ಹೋಗುತ್ತಾರೆ. ಆರಕ್ಕೆ ಅಂಗಡಿ ತೆರೆಯುವವಳು ಅಕ್ಕ. ಎರಡು ವರ್ಷದಿಂದ ಅವಳು ಭುಜ ನೋಯುತ್ತದೆಂದು ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ವಯಸ್ಸಾಯಿತು ಎಂದುಕೊಂಡಿದ್ದೆವು ನಾವೆಲ್ಲ.

"ನನಗೆ ಹೇಳಬಾರದಿತ್ತೇ?" ಎಂದರು ಭಾವ.

"ಹೇಳಿದ್ದೆ. ಚಾನೆಲ್ಲಿಗೆ ಒಂದಿಷ್ಟು ಎಣ್ಣೆ ಬಿಡೋಣ ಅಂದಿರಿ."

ಭಾವ ಮತ್ತೆ ಮಾತನಾಡಲಿಲ್ಲ. ಮಿಸ್ತ್ರಿಯ ಕಡೆಗೆ ತಿರುಗಿ "ಹೊಸದಕ್ಕೆ ಲೆಕ್ಕ ಕೊಡು" ಎಂದರು.

ಕಡೆಗೆ ಆದದ್ದು ಪೂರ್ತಿ ರಿಪೇರಿಯೂ ಅಲ್ಲ, ಪೂರ್ತಿ ಹೊಸದೂ ಅಲ್ಲ. ಪೈಪೂ ಬ್ರಾಕೆಟ್ಟುಗಳೂ ಗಟ್ಟಿಯಾಗಿದ್ದವು, ಉಳಿಸಿಕೊಂಡೆವು. ಪಟ್ಟಿ, ಚಾನೆಲ್ಲು, ಸ್ಪ್ರಿಂಗುಗಳು ಹೊಸವು ಬಂದವು. ಪಟ್ಟಿಗೆ ಸತುವಿನ ಲೇಪವಿರುವ ತಗಡನ್ನೇ ಆರಿಸಿದೆವು. ಗೀರು ಬಿದ್ದರೂ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಬೆಸುಗೆ ಹಾಕಿದ ಕಡೆ ಆ ಲೇಪ ಸುಟ್ಟುಹೋಗುವುದರಿಂದ ಅಲ್ಲಿಗೆ ಸತುವಿನ ಪ್ರೈಮರು ಹಚ್ಚಿಸಿದೆವು. ಹಳೆಯ ಶಟರಿನ ಮೇಲುಭಾಗದ ನಾಲ್ಕು ಪಟ್ಟಿಗಳನ್ನು, ತೀರ್ಥರೂಪರ ಅಕ್ಷರವಿದ್ದವನ್ನು, ಮಿಸ್ತ್ರಿ ಬಿಡಿಸಿಕೊಟ್ಟ. ಅವು ಈಗ ಗಲ್ಲದ ಹಿಂದಿನ ಗೋಡೆಯ ಮೇಲಿವೆ.

ಇನ್ನು ನಿಮ್ಮ ಶಟರಿನ ವಿಚಾರ. ಶಟರನ್ನು ಅರ್ಧ ಎತ್ತಿ, ಅದರ ಕೆಳಗೆ ಯಾರೂ ನಿಲ್ಲದ ಹಾಗೆ ನೋಡಿಕೊಂಡು, ಕೈಯನ್ನು ಮೆಲ್ಲನೆ ಸಡಿಲಿಸಿ. ಹೆಚ್ಚುಕಡಮೆ ಅಲ್ಲಿಯೇ ನಿಂತರೆ ಸ್ಪ್ರಿಂಗು ಸರಿಯಾಗಿದೆ. ದಡಬಡನೆ ಇಳಿಯತೊಡಗಿದರೆ ಮಿಸ್ತ್ರಿಯನ್ನು ಕರೆಯಿರಿ. ಸ್ಪ್ರಿಂಗಿನ ತಿರುಪನ್ನು ಮಾತ್ರ ನೀವಾಗಿಯೇ ಬಿಚ್ಚಬೇಡಿರಿ. ತಿರುಚಿದ ಸ್ಪ್ರಿಂಗು ಬಿಟ್ಟುಕೊಂಡರೆ ಕೈಬೆರಳು ಉಳಿಯುವುದಿಲ್ಲ. ಹೊಸದಕ್ಕೂ ರಿಪೇರಿಗೂ ಬೇರೆ ಬೇರೆ ಲೆಕ್ಕವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ತಗಡಿನ ದಪ್ಪವನ್ನು ಮಿಲಿಮೀಟರಿನಲ್ಲೇ ಬರೆಸಿ. ಗೇಜಿನ ಲೆಕ್ಕದಲ್ಲಿ ಹೇಳಿದರೆ ಅಂಕಿ ದೊಡ್ಡದಾದಷ್ಟೂ ತಗಡು ತೆಳುವೆಂಬುದು ನೆನಪಿರಲಿ. ೨೦ಕ್ಕಿಂತ ೧೮ ಗಟ್ಟಿ. ಹಳೆಯ ಕಬ್ಬಿಣದ ತೂಕಕ್ಕೆ ಎಷ್ಟು ಕಳೆಯುತ್ತಾರೆಂಬುದನ್ನೂ ಕೇಳಿ. ರಿಪೇರಿಯ ಖರ್ಚು ಹೊಸದರ ಅರ್ಧ ದಾಟಿದರೆ ಹೊಸದನ್ನು ಯೋಚಿಸುವುದು ನಮ್ಮ ಮನೆಯ ರೂಢಿ.

ನವಿ ಮುಂಬಯಿಯ ನೆರೂಳಿನಲ್ಲಿರುವ ನನ್ನ ಮಗಳ ಮನೆಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಮೋಟಾರಿನ ಶಟರುಂಟು. ಗುಂಡಿ ಒತ್ತಿದರೆ ಸಾಕು. ಅಲ್ಲಿ ಎತ್ತುವ ಕಷ್ಟವಿಲ್ಲ, ಆದರೆ ಅಂಥ ಬಾಗಿಲಿನ ಕೆಳಗೆ ಮಕ್ಕಳು ಓಡಾಡುತ್ತಾರೆ. ಅಮೆರಿಕದಲ್ಲಿ ೧೯೯೩ರಿಂದೀಚೆಗೆ ತಯಾರಾದ ಮನೆ ಗ್ಯಾರೇಜಿನ ಯಂತ್ರಗಳು, ಇಳಿಯುವಾಗ ಏನಾದರೂ ಅಡ್ಡ ಬಂದರೆ ತಾವಾಗಿಯೇ ಮೇಲಕ್ಕೆ ಹಿಂದಿರುಗಬೇಕೆಂಬ ಕಾನೂನಿದೆ. ಅಡ್ಡ ಬಂದುದನ್ನು ಗುರುತಿಸುವ ಬೆಳಕಿನ ಕಣ್ಣೋ ಅಂಥ ಬೇರೊಂದು ಏರ್ಪಾಡೋ ಜೊತೆಗಿರಬೇಕು. ಇಲ್ಲಿಯೂ ಮೋಟಾರು ಹಾಕಿಸುವವರು ಅದನ್ನು ಕೇಳಿ ಹಾಕಿಸಿಕೊಳ್ಳತಕ್ಕದ್ದು. ಕರೆಂಟು ಹೋದಾಗ ಕೈಯಿಂದ ಎತ್ತುವ ಸರಪಳಿಯೂ ಇರಲಿ.

ಮೊನ್ನೆ ಅಕ್ಕ ಬೆಳಿಗ್ಗೆ ಆರೂ ಕಾಲಿಗೆ ಫೋನು ಮಾಡಿದಳು. "ಒಂದೇ ಕೈಯಲ್ಲಿ ಎತ್ತಿದೆ" ಎಂದಳು. ಭುಜದ ನೋವು ಹೇಗಿದೆ ಎಂದು ಕೇಳಿದೆ. "ಅದು ಇನ್ನೂ ಇದೆ. ನಾಳೆ ಡಾಕ್ಟರ ಹತ್ತಿರ ಹೋಗೋಣ ಅಂದಿದ್ದಾರೆ ನಿನ್ನ ಭಾವ. ಹಾಲಿಗೆ ಹೋಗುವ ಮುಂಚೆ ತಾವೇ ಶಟರು ಎತ್ತಿಟ್ಟು ಹೋಗುತ್ತೇನೆ ಅನ್ನುತ್ತಾರೆ. ಇಷ್ಟು ಹಗುರಾದ ಮೇಲೆ!" ಎಂದು ನಕ್ಕಳು.

ನಿಮ್ಮ ಅಂಗಡಿಯ ಶಟರನ್ನು ನಾಳೆ ಬೆಳಿಗ್ಗೆ ಒಮ್ಮೆ ನೀವೇ ಎತ್ತಿ ನೋಡಿರಿ. ದಿನವೂ ಅದನ್ನು ಎತ್ತುವವರು ನೀವೇ ಆಗಿದ್ದರೆ, ಮನೆಯವರಲ್ಲಿ ಇನ್ನೊಬ್ಬರ ಕೈಯಿಂದ ಎತ್ತಿಸಿ ನೋಡಿರಿ.